ಹಗ್ಗದಾಕೆಯ ಅಂಗಿಗೆ ಗುಂಡಿ ಯಾವ ಕಡೆ ಎಂಬ ಬಗ್ಗೆ

ಲಾಂಚು ಸಾರಿಗೆ ಇಲಾಖೆ
ಸಮವಸ್ತ್ರ ಶಾಖೆ (ಹಿಂಬಾಗಿಲಿನಿಂದ ಬರುವುದು; ಮುಂಬಾಗಿಲಿಗೆ ಇಸ್ತ್ರಿ ಮೇಜು ಅಡ್ಡವಿದೆ)

ಸುತ್ತೋಲೆ ಸಂಖ್ಯೆ: ಲಾಂಸಾ/ಸಮವಸ್ತ್ರ/ಗುಂಡಿ/೪

ವಿಷಯ: ಲಿಂಗತ್ವ ಗುರುತು ಎಂದರೇನು, ಲೈಂಗಿಕ ಒಲವು ಎಂದರೇನು, ಇವೆರಡೂ ಬೇರೆ ಬೇರೆ ಎಂಬುದನ್ನು ಸಿಬ್ಬಂದಿಗೆ ತಿಳಿಸುವುದು ಮತ್ತು ತತ್ಸಂಬಂಧ ಅಂಗಿಯ ಗುಂಡಿ ಕುರಿತು.

ಉಲ್ಲೇಖ:
೧. ಸುತ್ತೋಲೆ ಗುಂಡಿ/೧: ಗಂಡಸರ ಅಂಗಿಗೆ ಗುಂಡಿ ಬಲಗಡೆ, ಹೆಂಗಸರ ಅಂಗಿಗೆ ಎಡಗಡೆ. (ಕಾರಣ ಬರೆದಿದ್ದ ಹಾಳೆಯನ್ನು ಗೆದ್ದಲು ತಿಂದಿದೆ.)
೨. ಹಗ್ಗದಾಕೆಯ ಅರ್ಜಿ.
೩. ಸುತ್ತೋಲೆ ಗುಂಡಿ/೨: ಅರ್ಜಿ ಇತ್ಯರ್ಥವಾಗುವವರೆಗೆ ಹೊಸ ಅಂಗಿಗಳಿಗೆ ಎರಡೂ ಕಡೆ ಕಾಜ, ಯಾವ ಕಡೆಯೂ ಗುಂಡಿ ಇಲ್ಲ.
೪. ಸಿಬ್ಬಂದಿಗೆ ನೀಡಲಾದ ತಿಳಿವಳಿಕೆ ತರಬೇತಿ, ಬಿಸ್ಕತ್ತು ಸಹಿತ.
೫. ಸುತ್ತೋಲೆ ಗುಂಡಿ/೩: ತರಬೇತಿಯಲ್ಲಿ ಅರ್ಥವಾದದ್ದನ್ನು ಜಾರಿಗೊಳಿಸುವುದು.
೬. ಅಧೀಕ್ಷಕರ ರಜಾ ಅರ್ಜಿ.

ಪ್ರಸ್ತಾವನೆ:

ಲಾಂಚು ದಡಕ್ಕೆ ಬರುವಾಗ ಹಗ್ಗವನ್ನು ಕಂಬಕ್ಕೆ ಎಸೆದು ಕಟ್ಟುವ ಸಿಬ್ಬಂದಿಯೊಬ್ಬರು ಈ ಇಲಾಖೆಯಲ್ಲಿದ್ದು, ಅವರನ್ನು ಹಗ್ಗದಾಕೆ ಎಂದು ಕರೆಯಲಾಗುತ್ತದೆ. ಸೇವೆಗೆ ಸೇರಿದಾಗ ಆಕೆಯನ್ನು ಗಂಡಸೆಂದು ಬರೆದುಕೊಳ್ಳಲಾಗಿತ್ತು. ಬರೆದುಕೊಂಡವರು ಕೇಳಿರಲಿಲ್ಲ, ನೋಡಿ ಬರೆದಿದ್ದರು. ಕಳೆದ ಬೇಸಿಗೆಯಲ್ಲಿ ಆಕೆ, ತಾನು ಹೆಣ್ಣೆಂದೂ, ಹೆಣ್ಣಾಗಿಯೇ ಇಷ್ಟು ವರ್ಷ ಹಗ್ಗ ಎಸೆದಿರುವುದಾಗಿಯೂ, ಇನ್ನು ಮುಂದೆ ಹೆಂಗಸರ ಅಂಗಿ ಕೊಡಬೇಕೆಂದೂ ಅರ್ಜಿ ಕೊಟ್ಟರು. ಅರ್ಜಿ ಮೂರು ಸಾಲಿನದು. ಅದರ ಮೇಲಿನ ಪತ್ರವ್ಯವಹಾರಕ್ಕೆ ಈಗ ಬೇರೆ ಕಪಾಟು ತರಿಸಲಾಗಿದೆ.

ಅಧೀಕ್ಷಕರು ಅರ್ಜಿದಾರರನ್ನು ಕೊಠಡಿಗೆ ಕರೆಸಿ ವಿಚಾರಿಸಿದರು. ಆ ಹೊತ್ತಿಗೆ ಶಾಖೆಯ ಹಿರಿಯ ದರ್ಜಿಯು ಅಲ್ಲೇ ನೆಲದ ಮೇಲೆ ಕೂತು, ಅಧೀಕ್ಷಕರು ತೊಟ್ಟಿದ್ದ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದುದರಿಂದ, ದರ್ಜಿಯ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ ದಾಖಲಿಸಿದೆ:

"ನೀನು ಹೆಣ್ಣು ಅಂತ ನಿನಗೆ ಹೇಗೆ ಗೊತ್ತು?"

"ನೀವು ಗಂಡಸು ಅಂತ ನಿಮಗೆ ಹೇಗೆ ಗೊತ್ತು ಸಾರ್?"

"ನನಗೇನು... ಗೊತ್ತಪ್ಪ. ಗೊತ್ತಿರುತ್ತಲ್ಲ."

"ನನಗೂ ಅಷ್ಟೇ ಸಾರ್. ಗೊತ್ತಿರುತ್ತಲ್ಲ."

ಅಧೀಕ್ಷಕರು ಸ್ವಲ್ಪ ಹೊತ್ತು ತಿರುಗುವ ಫ್ಯಾನನ್ನು ನೋಡಿದರು. ಅದರ ಫಲವಾಗಿ ಹೊರಟದ್ದೇ ಉಲ್ಲೇಖ ೩ರ ಸುತ್ತೋಲೆ. ಗಂಡಸರ ಅಂಗಿಯೂ ಅಲ್ಲ, ಹೆಂಗಸರ ಅಂಗಿಯೂ ಅಲ್ಲ ಎಂಬಂತೆ ಎರಡೂ ಅಂಚಿಗೆ ಕಾಜ ಕತ್ತರಿಸಿ, ಗುಂಡಿಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅಧೀಕ್ಷಕರ ಮೇಜಿನ ಡ್ರಾಯರಿನಲ್ಲಿ ಇಡತಕ್ಕದ್ದು ಎಂದಾಯಿತು. ಹಿರಿಯ ದರ್ಜಿಯು ತಮ್ಮ ಸೇವೆಯಲ್ಲಿ ಗುಂಡಿ ಕಿತ್ತುಹೋದ ಅಂಗಿಗಳನ್ನು ಬೇಕಾದಷ್ಟು ನೋಡಿದ್ದರು. ಗುಂಡಿಯೇ ಹುಟ್ಟದ ಅಂಗಿಯನ್ನು ಹೊಲಿದದ್ದು ಅದೇ ಮೊದಲು. ಆ ಸಲ ಹೊಸ ಅಂಗಿಯ ಸರದಿ ಬಂದಿದ್ದವರು ಇಬ್ಬರೇ: ಹಗ್ಗದಾಕೆ, ಮತ್ತು ದಡದ ದೀಪ ನೋಡಿಕೊಳ್ಳುವ ದೀಪದವರು.

ಹಗ್ಗದಾಕೆ ಅಂಗಿಯನ್ನು ಪಿನ್ನುಗಳಿಂದ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರು. ಲಾಂಚು ದಡ ಸಮೀಪಿಸಿತು, ಆಕೆ ತೋಳು ಬೀಸಿದರು, ಪಿನ್ನು ಬಿಚ್ಚಿ ಎದೆಗೆ ಚುಚ್ಚಿತು, ಹಗ್ಗ ಕಂಬ ಬಿಟ್ಟು ನೀರಿಗೆ ಬಿತ್ತು, ಲಾಂಚು ಕಟ್ಟೆಗೆ ಗುದ್ದಿತು. ಪೂರ್ಣ ಸಮವಸ್ತ್ರವಿಲ್ಲದವರು ಲಾಂಚು ಹತ್ತಬಾರದೆಂಬ ನಿಯಮದ ಮೇರೆಗೆ ಆಕೆಯನ್ನು ಪ್ರಯಾಣಿಕರು ಮರೆತುಹೋದ ಕೊಡೆಗಳ ಕೊಠಡಿ ಕಾಯಲು ನೇಮಿಸಲಾಯಿತು. ಗುಂಡಿ ಕೊಡದವರೂ ಇಲಾಖೆಯೇ, ಗುಂಡಿ ಇಲ್ಲವೆಂದು ಇಳಿಸಿದವರೂ ಇಲಾಖೆಯೇ ಎಂಬ ಅಂಶವನ್ನು ಯಾರೂ ಎತ್ತಲಿಲ್ಲ. ಕಿಟಕಿಯಿಲ್ಲದ ಆ ಕೊಠಡಿಯಲ್ಲಿ ಆಕೆ ಕೈ ಸುಮ್ಮನಿರದೆ ಎಲ್ಲ ಕೊಡೆಗಳನ್ನೂ ಲಾಂಚಿನ ಗಂಟು ಹಾಕಿ ಕಟ್ಟುಕಟ್ಟಾಗಿ ಇಟ್ಟ ಕಾರಣ, ಆಕೆ ಊಟಕ್ಕೆ ಹೋಗಿದ್ದಾಗ ಕೊಡೆ ಕೇಳಿಕೊಂಡು ಬಂದ ಒಬ್ಬ ಪ್ರಯಾಣಿಕರು ಗಂಟು ಬಿಚ್ಚಲಾಗದೆ ಇಡೀ ಒಂದು ಕಟ್ಟನ್ನೇ ಹೊತ್ತುಕೊಂಡು ಹೋದರು.

ಇಷ್ಟರಲ್ಲಿ ಮಳೆಗಾಲಕ್ಕೆ ಮುಂಚಿನ ತಪಾಸಣೆಯ ದಿನ ಗೊತ್ತಾಯಿತು. ಅಂದು ಪೂರ್ಣ ಸಮವಸ್ತ್ರದಲ್ಲಿ ಲಾಂಚಿನ ಮೇಲೆ ಇಲ್ಲದವರ ಜಾಗ ಖಾಲಿಯೆಂದು ಬರೆದು ಬೇರೆಯವರಿಗೆ ಕೊಡಲಾಗುವುದು. ಎಂದರೆ ಹಗ್ಗದಾಕೆ ಸೇವೆ ಮುಗಿಯುವವರೆಗೂ ಕೊಡೆಗಳ ಜೊತೆಯೇ.

ಉಲ್ಲೇಖ ೪ರ ತರಬೇತಿಯಿಂದ ಅಧೀಕ್ಷಕರು ಎರಡು ಮಾತು ಕಲಿತು ಬಂದರು, ಗುರುತು ಮತ್ತು ಒಲವು. ಬರುವ ದಾರಿಯಲ್ಲಿ ಅವೆರಡೂ ಕಲಸಿಹೋದವು. ಒಲವು ಯಾರ ಕಡೆ ಎಂದು ತಿಳಿದರೆ ಗುಂಡಿ ಯಾವ ಕಡೆ ಎಂದು ತಾನೇ ತಿಳಿಯುತ್ತದೆಂದು ಭಾವಿಸಿ ಅವರು ಅಳತೆ ಹಾಳೆಗೆ ಹೊಸ ಕಲಂ ಸೇರಿಸಿದರು. ಹಾಗಾಗಿ ಹಿರಿಯ ದರ್ಜಿಯು ಎದೆ ಸುತ್ತು, ತೋಳಿನ ಉದ್ದ ಕೇಳಿದ ಮೇಲೆ ಅದೇ ಉಸಿರಿನಲ್ಲಿ ಒಲವನ್ನೂ ಕೇಳಬೇಕಾಯಿತು. ಒಬ್ಬ ಗುಮಾಸ್ತರು "ನಿದ್ದೆ ಕಡೆ" ಎಂದು ಬರೆಸಿದರು. ಲಾಂಚು ನಡೆಸುವವರು "ಹೆಂಡತಿ ಕಡೆ, ಆದರೆ ಅವಳಿಗೆ ಹೇಳ್ಬೇಡಿ, ತಲೆ ಮೇಲೆ ಕೂರ್ತಾಳೆ" ಎಂದು ಬರೆಸಿದರು.

ಹಿರಿಯ ದರ್ಜಿಯು ತರಬೇತಿಯಲ್ಲಿ ಹಿಂದಿನ ಬೆಂಚಿನಲ್ಲಿದ್ದರು. ಅವರಿಗೆ ಹೊಳೆದದ್ದು ಇಷ್ಟು: ಈಕೆ ಹೆಣ್ಣು, ಸರಿ. ಹೆಣ್ಣೆಂದ ಮೇಲೆ ಗಂಡು ನೋಡಬೇಕು, ಅದೂ ಸರಿ. ಪಾಪ, ಈಕೆಗೆ ನೋಡುವವರು ಯಾರಿದ್ದಾರೆ? ಹೀಗೆ ಯೋಚಿಸಿ, ಯಾರೂ ಹೇಳದಿದ್ದರೂ, ಕೊರಳಲ್ಲಿ ಟೇಪು ಹಾಕಿಕೊಂಡೇ ಅವರು ಎಂಜಿನ್ ಕೋಣೆಗಿಳಿದು ಮೆಕ್ಯಾನಿಕ್ ಒಬ್ಬರ ಮುಂದೆ ಕೂತರು.

"ಅಲ್ಲಪ್ಪಾ, ಎಷ್ಟು ದಿನ ಅಂತ ಒಂಟಿ ಇರ್ತೀಯ? ನಮ್ಮ ಹಗ್ಗದಾಕೆಗೆ ಏನು ಕಡಿಮೆ?"

"ಏನೂ ಕಡಿಮೆ ಇಲ್ಲ ಟೈಲರಣ್ಣ. ನನಗೆ ಹೆಂಗಸರು ಬೇಡ, ಅಷ್ಟೇ. ಆಮೇಲೆ ನಾನು ಒಂಟಿ ಅಂತ ಯಾರು ಹೇಳಿದ್ದು? ಬೇಕರಿಯವನ ಜೊತೆ ಸಂಸಾರ ಮಾಡ್ಕೊಂಡು ಎಷ್ಟು ವರ್ಷ ಆಯ್ತು."

"ಬೇಕರಿಯವನು ನಿನ್ನ ಮನೇಲಿ ಬಾಡಿಗೆಗೆ ಇರೋದಲ್ವೇನೋ?"

"ಅವನು ಬಾಡಿಗೆ ಕೊಟ್ಟಿದ್ದು ಯಾರಾದ್ರೂ ನೋಡಿದೀರಾ?"

ಹಿರಿಯ ದರ್ಜಿಯು ನೆನಪು ಮಾಡಿಕೊಂಡರು. ಯಾರೂ ನೋಡಿರಲಿಲ್ಲ. ಮಳೆಯಲ್ಲಿ ಒಂದೇ ಕೊಡೆಯಡಿ ಬರುತ್ತಿದ್ದದ್ದು, ಮೆಕ್ಯಾನಿಕ್‌ಗೆ ಜ್ವರ ಬಂದಾಗ ಊರಿಗೆಲ್ಲ ಬ್ರೆಡ್ಡು ಸೀದುಹೋದದ್ದು, ಎಲ್ಲ ಸಾಲಾಗಿ ನೆನಪಿಗೆ ಬಂತು. ಅವರು ಕೊರಳಿನಿಂದ ಟೇಪು ತೆಗೆದರು.

"ಮೊದಲೇ ಹೇಳಬಾರದೇನೋ. ಏಳು, ನಿನಗೂ ಹೆಂಗಸರ ಅಂಗಿಗೆ ಅಳತೆ ತಗೊಂಡುಬಿಡೋಣ."

"ಯಾಕಣ್ಣ? ನಾನು ಗಂಡಸೇ. ನನ್ನ ಅಂಗಿ ಸರಿಯಾಗೇ ಇದೆ. ಗ್ರೀಸ್ ಒಂದು ಹೋಗಲ್ಲ, ಅದಕ್ಕೇನಾದ್ರೂ ಮಾಡಿ."

ಈ ವಿಷಯ ಆ ಸಂಜೆ ದರ್ಜಿಯ ಮನೆಯವರ (ಇಲಾಖೆಯ ಸಿಬ್ಬಂದಿಯಲ್ಲ) ಮುಂದೆ ಬಂದಾಗ ಅವರು ಒಲೆಯ ಕಡೆ ಮುಖ ಮಾಡಿಕೊಂಡೇ ಹೀಗೆ ಹೇಳಿಕೆ ನೀಡಿದರು: "ಊರ ಉಸಾಬರಿ ನಿಮಗ್ಯಾಕ್ರೀ? ಯಾರು ಬೇಕು ಅಂತ ಆ ಹುಡುಗೀನ ಒಂದು ಮಾತು ಕೇಳಿದ್ರಾ? ನನ್ನನ್ನೂ ಯಾರೂ ಕೇಳಿರಲಿಲ್ಲ. ಅದಕ್ಕೇ ಹೇಳ್ತಿದೀನಿ, ಕೇಳಿ." ಈ ಹೇಳಿಕೆಯ ಕೊನೆಯ ಭಾಗದ ಬಗ್ಗೆ ಪ್ರತ್ಯೇಕ ಕಡತ ತೆರೆಯುವ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

ಮರುದಿನ ಹಿರಿಯ ದರ್ಜಿಯು ಕೊಡೆಗಳ ಕೊಠಡಿಗೆ ಹೋಗಿ ಕೇಳಿದರು.

"ಎಂಥ ಗಂಡು ನೋಡಲಿ ತಾಯಿ?"

"ಗಂಡು ಬೇಡ ಟೈಲರಣ್ಣ. ನನಗೆ ಹೆಂಗಸರೇ ಇಷ್ಟ."

ದರ್ಜಿಯು ಕೊಡೆಗಳ ಕಟ್ಟಿನ ಮೇಲೆ ಕೂತುಬಿಟ್ಟರು. (ಮುರಿದ ಕೊಡೆಗಳ ಬಗ್ಗೆ ವಿವರಣೆ ಪಡೆಯಲಾಗಿದೆ.)

"ಹೆಂಗಸರೇ ಇಷ್ಟ ಅಂದ್ಮೇಲೆ ಮೊದಲಿನ ಹಾಗೇ ಇದ್ದಿದ್ರೆ ಆಗ್ತಿತ್ತಲ್ಲೇ! ಇಷ್ಟೆಲ್ಲ ಪಾಡು ಯಾಕೆ ಪಟ್ಟೆ?"

ಆಕೆ ಮೊದಲು ನಕ್ಕರು. ಕೈಯಲ್ಲಿದ್ದ ಗಂಟನ್ನು ಪೂರ್ತಿ ಮಾಡಿದರು. ಆಮೇಲೆ ಹೇಳಿದರು:

"ಯಾರು ಬೇಕು ಅನ್ನೋದು ಒಂದು ಮಾತು ಅಣ್ಣ. ಬೇಕು ಅನ್ನೋಳು ಯಾರು ಅನ್ನೋದು ಇನ್ನೊಂದು. ನನ್ನನ್ನ ಗಂಡಸು ಅಂದ್ಕೊಂಡು ಯಾವಳಾದ್ರೂ ಮೆಚ್ಚಿದ್ರೆ, ಅವಳು ಮೆಚ್ಚಿದ್ದು ನನ್ನನ್ನಲ್ಲವಲ್ಲ? ಆ ಮಾತು ಹಾಗಿರಲಿ, ಅದಕ್ಕೆ ನಾನು ಅರ್ಜಿ ಹಾಕಿಲ್ಲ. ಅರ್ಜಿ ಹಾಕಿರೋದು ಗುಂಡಿಗೆ. ತಪಾಸಣೆ ಹತ್ರ ಬಂತು. ಗುಂಡಿ ಕೊಡಿಸಿ."

ಹಿರಿಯ ದರ್ಜಿಯು ಈ ಮಾತನ್ನು ಅಧೀಕ್ಷಕರಿಗೆ ಮುಟ್ಟಿಸಿದರು. ಅಷ್ಟರಲ್ಲಿ ವಿಚಾರಣೆಯ ಕಡತ ಓದಿದ ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂದಿತ್ತು: ಅಧೀಕ್ಷಕರು ಕೇಳಿದ ಪ್ರಶ್ನೆಗೆ ಅರ್ಜಿದಾರರು ಹಾಕಿದ ಮರುಪ್ರಶ್ನೆ ಉತ್ತರವಿಲ್ಲದೆ ಬಾಕಿ ಉಳಿದಿದ್ದು, ತಾವು ಗಂಡಸೆಂದು ತಮಗೆ ಹೇಗೆ ತಿಳಿಯಿತು ಎಂಬುದನ್ನು ಅಧೀಕ್ಷಕರು ಬರಹದಲ್ಲಿ ಸಲ್ಲಿಸತಕ್ಕದ್ದು. ಅಧೀಕ್ಷಕರು ಉತ್ತರ ಯೋಚಿಸಲು ದೀರ್ಘ ರಜೆ ಹಾಕಿದರು. ತಮಗೂ ಅದೇ ಪ್ರಶ್ನೆ ಬರಬಹುದೆಂದು ಅವರ ಕೆಳಗಿನವರೂ ರಜೆ ಹಾಕಿದರು. ಸೇವಾ ಹಿರಿತನದ ಪ್ರಕಾರ ಪ್ರಭಾರವೂ, ಡ್ರಾಯರಿನ ಬೀಗದ ಕೈಯೂ ಹಿರಿಯ ದರ್ಜಿಯ ಕೈಗೆ ಬಂದವು. ಆದುದರಿಂದ ಈ ಆದೇಶ.

ಸರ್ವರೂ ತಿಳಿದು ನಡೆಯಬೇಕಾದ ಅಂಶಗಳು:

೧. ಲಿಂಗತ್ವ ಗುರುತು ಎಂದರೆ ಒಬ್ಬರು ತಾವು ಹೆಣ್ಣೋ, ಗಂಡೋ, ಎರಡೂ ಹೌದೋ, ಎರಡೂ ಅಲ್ಲವೋ ಎಂದು ತಮ್ಮೊಳಗೆ ತಾವು ಅರಿತಿರುವುದು. ಇದು ಟೇಪಿಗೆ ಸಿಗುವುದಿಲ್ಲ. ಸಿಗುವುದೆಂದು ವಾದಿಸುವವರು ತಮ್ಮದನ್ನು ಮೊದಲು ಅಳೆಸಿಕೊಳ್ಳತಕ್ಕದ್ದು.

೨. ಲೈಂಗಿಕ ಒಲವು ಎಂದರೆ ಒಬ್ಬರ ಮನಸ್ಸು, ದೇಹ ಯಾರ ಕಡೆ ಎಳೆಯುತ್ತದೆ ಎಂಬುದು. ಹೆಂಗಸರ ಕಡೆ, ಗಂಡಸರ ಕಡೆ, ಇಬ್ಬರ ಕಡೆ, ಅಥವಾ ಯಾರ ಕಡೆಯೂ ಇಲ್ಲದಿರಬಹುದು. ನಿದ್ದೆಯ ಕಡೆ ಎಂದು ಬರೆಸಿದ ಗುಮಾಸ್ತರ ಪ್ರಕರಣ ಇದರಡಿ ಬರುವುದಿಲ್ಲ. ಅದು ಹಾಜರಾತಿ ಶಾಖೆಗೆ ಸೇರಿದ್ದು.

೩. ಒಂದನ್ನು ತಿಳಿದ ಮಾತ್ರಕ್ಕೆ ಇನ್ನೊಂದು ತಿಳಿಯುವುದಿಲ್ಲ. ಹಗ್ಗದಾಕೆ ಹೆಣ್ಣು, ಆಕೆಗೆ ಹೆಂಗಸರು ಇಷ್ಟ. ಮೆಕ್ಯಾನಿಕ್ ಗಂಡಸು, ಅವರಿಗೆ ಗಂಡಸರು ಇಷ್ಟ. ಹಾಗೆಂದು ಇಬ್ಬರ ಅಂಗಿಗಳನ್ನು ಅದಲುಬದಲು ಮಾಡತಕ್ಕದ್ದಲ್ಲ. ಹಗ್ಗದಾಕೆಯ ಮಾತನ್ನು ಆಕೆಯ ಒಪ್ಪಿಗೆ ಪಡೆದೇ ಬರೆದಿದೆ. ಮೆಕ್ಯಾನಿಕ್ ಯಾರೆಂದು ಇಲ್ಲಿ ಹೇಳಿಲ್ಲ, ಊಹಿಸತಕ್ಕದ್ದೂ ಅಲ್ಲ. ಅವರ ಒಪ್ಪಿಗೆ ಕೇಳಿದಾಗ "ಬರೀರಿ ಅಣ್ಣ, ಎಂಜಿನ್ನಿಗೂ ಗೊತ್ತು" ಎಂದಿರುತ್ತಾರೆ.

೪. ಅಳತೆ ಹಾಳೆಯ ಒಲವಿನ ಕಲಂ ತೆಗೆದುಹಾಕಲಾಗಿದೆ. ತುಂಬಿದ ಹಾಳೆಗಳನ್ನು ಸುಟ್ಟು ಆ ಬೆಂಕಿಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯಿಸಲಾಗಿದೆ. ಲಾಂಚು ನಡೆಸುವವರ ಹೆಂಡತಿಗೆ ವಿಷಯ ಈ ಶಾಖೆಯಿಂದ ತಿಳಿದದ್ದಲ್ಲ.

೫. "ನಿನಗೆ ಹೇಗೆ ಗೊತ್ತು?", "ಯಾವಾಗಿನಿಂದ?", "ಖಂಡಿತವಾ?" ಎಂಬ ಪ್ರಶ್ನೆಗಳನ್ನು ಕೇಳಬಯಸುವವರು, ಅದೇ ಪ್ರಶ್ನೆಗಳಿಗೆ ತಮ್ಮ ಉತ್ತರವನ್ನು ಮೂರು ಪ್ರತಿಗಳಲ್ಲಿ ಮುಂಚಿತವಾಗಿ ಸಲ್ಲಿಸತಕ್ಕದ್ದು. ಮಾದರಿ ಉತ್ತರವನ್ನು ಅಧೀಕ್ಷಕರು ರಜೆಯಿಂದ ಬಂದ ಮೇಲೆ ಲಗತ್ತಿಸಲಾಗುವುದು. ಈವರೆಗೆ ಬಂದಿರುವುದು ಖಾಲಿ ಹಾಳೆ. ಅದರಲ್ಲಿ ಒಂದು ಕಡೆ "ಗೊತ್ತಿರುತ್ತಲ್ಲ" ಎಂದು ಬರೆದು ಹೊಡೆದುಹಾಕಿದ ಗುರುತಿದೆ.

೬. ಹುಟ್ಟಿದಾಗ ಬರೆದದ್ದೇ ಕೊನೆಯ ಮಾತು ಎಂಬ ವಾದವನ್ನು ಪರಿಶೀಲಿಸಲಾಯಿತು. ಹುಟ್ಟಿದಾಗಿನ ಅಳತೆಯ ಮೇಲೆ ಈ ಶಾಖೆಯು ಯಾವ ಸಿಬ್ಬಂದಿಗೂ ಅಂಗಿ ಹೊಲಿದಿರುವುದಿಲ್ಲ. ವಾದ ಮಾಡಿದವರಿಗೆ ಹಾಗೆ ಹೊಲಿಸಿಕೊಳ್ಳುವ ಅವಕಾಶ ನೀಡಲಾಗಿದ್ದು, ಅವರು ಈವರೆಗೆ ಮುಂದೆ ಬಂದಿಲ್ಲ.

೭. ಅಂಗಿ ಹಾಕಿ ನೋಡುವ ಕೋಣೆಯ ಕನ್ನಡಿಯಲ್ಲಿ ಬಲಗಡೆಯ ಗುಂಡಿ ಎಡಗಡೆ ಕಾಣುವುದರಿಂದ, ಕನ್ನಡಿಯ ಸಾಕ್ಷ್ಯವನ್ನು ಯಾವ ಪ್ರಕರಣದಲ್ಲೂ ಪರಿಗಣಿಸತಕ್ಕದ್ದಲ್ಲ. ಅದರ ಮೇಲೆ ಹಿಂದೆ ಹೊದಿಸಿದ್ದ ಬಟ್ಟೆಯನ್ನು ತೆಗೆಯಲಾಗಿದೆ. ಸಿಬ್ಬಂದಿ ತಲೆ ಬಾಚಿಕೊಳ್ಳಬಹುದು.

೮. ಗಂಡಸರ ಹಳದಿ ಟೇಪು, ಹೆಂಗಸರ ಬಿಳಿ ಟೇಪುಗಳ ಜೊತೆಗೆ ಯಾರಿಗೂ ನೋವಾಗದಂಥ ಮೂರನೆಯ ಟೇಪು ಬೇಕೆಂದು ಬರೆಯಲಾಗಿತ್ತು. ಯಾರಿಗೂ ನೋವಾಗದಿರಲೆಂದು ಅಂಕಿಗಳೇ ಇಲ್ಲದ ಟೇಪು ಸರಬರಾಜಾಗಿದೆ. ಅದನ್ನು ಕೊಡೆ ಕಟ್ಟಲು ಬಳಸತಕ್ಕದ್ದು. ಹಳದಿ, ಬಿಳಿ ಎರಡರಲ್ಲೂ ಇಂಚು ಒಂದೇ ಉದ್ದವಿದೆ ಎಂಬುದನ್ನು ಹಿರಿಯ ದರ್ಜಿಯು ಇಷ್ಟು ವರ್ಷಗಳ ನಂತರ ಪಕ್ಕಪಕ್ಕ ಇಟ್ಟು ಖಚಿತಪಡಿಸಿಕೊಂಡಿದ್ದಾರೆ.

೯. ಗುಂಡಿಯ ಕಡೆಯನ್ನು ಇನ್ನು ತೊಡುವವರೇ ಹೇಳತಕ್ಕದ್ದು; ಹೊಲಿಯುವವರು ಅಲ್ಲಿಗೇ ಹೊಲಿಯತಕ್ಕದ್ದು. ಈ ಪ್ರಕಾರ ಎರಡು ಕಾಜದ ಅಂಗಿಯನ್ನು ರದ್ದುಪಡಿಸಲು ಹೊರಟಾಗ ದೀಪದವರು ಬಂದು, "ಅದನ್ನ ತೆಗೀಬೇಡಿ ಅಣ್ಣ. ಗಂಡು ಅಂದ್ರೂ ನಾನಲ್ಲ, ಹೆಣ್ಣು ಅಂದ್ರೂ ನಾನಲ್ಲ. ಈ ಇಲಾಖೇಲಿ ನನಗೆ ಸರಿಹೋದ ಬಟ್ಟೆ ಅಂದ್ರೆ ಇದೊಂದೇ" ಎಂದು ಮನವಿ ಮಾಡಿದರು. ಅವರು ಹಳೆಯ ಅಂಗಿಯಿಂದ ಬಿಚ್ಚಿದ ಗುಂಡಿಗಳನ್ನು ಎರಡೆರಡಾಗಿ ಬೆನ್ನಿಗೆ ಬೆನ್ನು ದಾರದಿಂದ ಜೋಡಿಸಿ, ಎರಡೂ ಕಾಜಕ್ಕೆ ತೂರಿಸಿ, ಅಂಗಿಯನ್ನು ಅಚ್ಚುಕಟ್ಟಾಗಿ ತೊಟ್ಟಿರುವುದು ಕಂಡುಬಂತು. ಇಲಾಖೆಯು ತಪ್ಪಾಗಿ ಹೊರಡಿಸಿದ ಆದೇಶವೊಂದು ಒಬ್ಬರಿಗೆ ಸರಿಯಾಗಿ ಹೊಂದಿದ ಮೊದಲ ಸಂದರ್ಭ ಇದಾಗಿರುವುದರಿಂದ, ಅವರ ಮಟ್ಟಿಗೆ ಸುತ್ತೋಲೆ ಗುಂಡಿ/೨ ಊರ್ಜಿತದಲ್ಲಿರುತ್ತದೆ.

೧೦. ಬಾಯಿ ತಪ್ಪಿ ಒಬ್ಬರನ್ನು ಅವರಲ್ಲದ ರೀತಿ ಕರೆದವರು, ತಿದ್ದಿಕೊಂಡು ಮಾತು ಮುಂದುವರಿಸತಕ್ಕದ್ದು. ಕ್ಷಮೆ ಕೇಳುವುದು ಒಂದು ಉಸಿರಿಗೆ ಮೀರಬಾರದು. ಲಾಂಚು ನಡೆಸುವವರು ನಡು ಹೊಳೆಯಿಂದ ದಡದವರೆಗೂ ಕ್ಷಮೆ ಕೇಳುತ್ತ ಬಂದು ಕಟ್ಟೆ ದಾಟಿ ಹೋಗಿಬಿಟ್ಟ ಘಟನೆ ಮರುಕಳಿಸಬಾರದು. ಬೇಕೆಂದೇ ಕರೆಯುವವರಿಗೆ ಈ ವಿನಾಯಿತಿ ಇಲ್ಲ. ಅಂಥವರಿಗೆ ಮುಂದಿನ ಅಂಗಿಯ ಗುಂಡಿಗಳನ್ನು ಬೆನ್ನಿಗೆ ಹೊಲಿಯಲಾಗುವುದು. ಹಾಕಿಕೊಳ್ಳಲು ನಿತ್ಯ ಇನ್ನೊಬ್ಬರ ಸಹಾಯ ಬೇಕಾಗುತ್ತದೆ. ಆಗ ಜನರ ಜೊತೆ ಹೇಗೆ ಮಾತಾಡಬೇಕೆಂಬುದು ತಾನಾಗಿಯೇ ಬರುತ್ತದೆ.

೧೧. ಕೊರಳಲ್ಲಿ ಟೇಪು ಇರುವ ಹೊತ್ತಿನಲ್ಲಿ ಯಾವ ದರ್ಜಿಯೂ ಯಾರಿಗೂ ಗಂಡು ಅಥವಾ ಹೆಣ್ಣು ನೋಡತಕ್ಕದ್ದಲ್ಲ. ಟೇಪು ತೆಗೆದಿಟ್ಟ ಮೇಲೂ, ಕೇಳಿಯೇ ನೋಡತಕ್ಕದ್ದು. ಈ ಅಂಶವನ್ನು ಹಿರಿಯ ದರ್ಜಿಯು ಓದಿ, ತಮಗೆ ತಾವೇ ಜಾರಿ ಮಾಡಿಕೊಂಡು, ಸಹಿ ಮಾಡಿರುತ್ತಾರೆ.

೧೨. ಯಾರು ಅಳತೆ ತೆಗೆಯಬೇಕೆಂಬುದನ್ನೂ ಅಳತೆ ಕೊಡುವವರೇ ಹೇಳತಕ್ಕದ್ದು. ಹಗ್ಗದಾಕೆ ಹೆಂಗಸರ ಅಂಗಿ ಹೊಲಿಯುವ ಕತ್ತರಿಯಕ್ಕನ ಹೆಸರು ಹೇಳಿದರು. ಸೇರಿದ ದಿನದಿಂದ ಆಕೆಯ ಅಂಗಿ ಹೊಲಿದಿದ್ದ ಹಿರಿಯ ದರ್ಜಿಗೆ ಇದರಿಂದ ಸ್ವಲ್ಪ ಪಿಚ್ಚೆನಿಸಿತು; ಅದನ್ನು ಕಡತಕ್ಕೆ ತೆಗೆದುಕೊಳ್ಳಲಾಗಿಲ್ಲ. ಪರದೆಯ ಆಚೆಯಿಂದ ಕತ್ತರಿಯಕ್ಕ ಅಳತೆ ಕೂಗಿದರು, ಈಚೆ ದರ್ಜಿಯು ಬಟ್ಟೆ ಕತ್ತರಿಸಿದರು. ಭುಜದ ಹತ್ತಿರ ಬಂದಾಗ ಮಾತು ಹೀಗೆ ನಡೆಯಿತು:

"ಬಲತೋಳು ಜಾಸ್ತಿ ಸಡಿಲ ಬಿಟ್ರಲ್ಲಣ್ಣ? ನಾನು ಹೇಳಿದ ಅಳತೆ ಅದಲ್ಲ."

"ಇರಲಿ ಬಿಡಮ್ಮ. ಅವಳು ಆ ತೋಳಲ್ಲಿ ಹಗ್ಗ ಎಸೀಬೇಕು. ಬಿಗಿಯಾದ್ರೆ ಕಂಕುಳಲ್ಲಿ ಹರಿಯುತ್ತೆ. ನನಗೆ ಗೊತ್ತು."

ಪರದೆಯ ಆಚೆಯಿಂದ ಹಗ್ಗದಾಕೆಯ ದನಿ ಕೇಳಿತು: "ಅಣ್ಣ ಹೇಳಿದ ಹಾಗೇ ಇರಲಿ ಅಕ್ಕ."

ಆದ್ದರಿಂದ ಗುಂಡಿ ಎಡಗಡೆಗೆ ಬಂದಿದ್ದರೂ, ಹಗ್ಗ ಎಸೆಯುವ ತೋಳಿನ ಸಡಿಲ ಹಳೆಯ ಅಂಗಿಯಲ್ಲಿದ್ದಂತೆಯೇ ಉಳಿಯತಕ್ಕದ್ದು. ಹಳೆಯ ಅಂಗಿಯೊಳಗೂ ಇದ್ದದ್ದು ಆಕೆಯೇ ಆದುದರಿಂದ.

೧೩. ಈ ಸುತ್ತೋಲೆಯು ಕೊನೆಯ ಗುಂಡಿಯ ದಾರ ಕಡಿದ ಕ್ಷಣದಿಂದ ಜಾರಿಗೆ ಬಂದಿದೆ. ಆಗ ತಪಾಸಣೆಯವರು ಆಚೆ ದಡದಲ್ಲಿ ಲಾಂಚಿಗೆ ಕಾಯುತ್ತಿದ್ದರು.

(ಸಹಿ)
ಹಿರಿಯ ದರ್ಜಿ
ಅಧೀಕ್ಷಕರ ಪ್ರಭಾರದಲ್ಲಿ, ಅವರಿಗೆ ಉತ್ತರ ಹೊಳೆಯುವವರೆಗೆ

ಪ್ರತಿಗಳು:
೧. ಅಧೀಕ್ಷಕರಿಗೆ, ರಜೆಯ ವಿಳಾಸಕ್ಕೆ. ಅವಸರವಿಲ್ಲ. ಪ್ಯಾಂಟಿನ ಅಂಚು ಹೊಲಿದಿಟ್ಟಿದೆ.
೨. ಎಂಜಿನ್ ಕೋಣೆಗೆ. ಗ್ರೀಸ್ ಹೋಗಲು ಸೀಮೆಎಣ್ಣೆ ಹಚ್ಚಿ ಬಿಸಿಲಿಗೆ ಹಾಕಿ ನೋಡುವುದು. ಒಂದು ಹೆಚ್ಚುವರಿ ಪ್ರತಿ ಬೇಕರಿಗೆ.
೩. ದೀಪದವರಿಗೆ, ಜೋಡಿ ಗುಂಡಿಗಳ ಪೊಟ್ಟಣ ಸಹಿತ.
೪. ಕತ್ತರಿಯಕ್ಕನಿಗೆ, ಬಿಳಿ ಟೇಪಿನ ಜೊತೆಗೆ ಹಳದಿ ಟೇಪನ್ನೂ ಇಟ್ಟುಕೊಳ್ಳಲು.
೫. ದರ್ಜಿಯ ಮನೆಯವರಿಗೆ. ಕೇಳಲಾಯಿತು.
೬. ತಪಾಸಣೆಯವರಿಗೆ, ಮಾಹಿತಿಗಾಗಿ. ಹಗ್ಗ ಮೊದಲ ಎಸೆತಕ್ಕೇ ಕಂಬಕ್ಕೆ ಬಿದ್ದುದನ್ನು ತಾವೇ ಕಂಡಿರುತ್ತೀರಿ.
೭. ಕೊಡೆಗಳ ಕೊಠಡಿಯ ಬಾಗಿಲಿಗೆ, ಅಂಟಿಸಲು. ಕೊಡೆ ಬೇಕಾದವರು ದಡದಲ್ಲಿ ನಿಂತು ಕಾಯತಕ್ಕದ್ದು. ಗಂಟು ಬಿಚ್ಚುವಾಕೆ ನೀರಿನ ಮೇಲಿದ್ದಾರೆ.